ವೈಫೈ ಬಸ್ಸಿಗೆ ಜಾಸ್ತಿ ದುಡ್ಡು ಕೊಡಬೇಡಿ: ಮುಂಬಯಿಯಿಂದ ಊರಿಗೆ ಹೋಗುವವರಿಗೊಂದು ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಮುಂಬಯಿಯಿಂದ ಊರಿಗೆ ಹೋಗುವ ಪ್ರೈವೇಟ್ ಸ್ಲೀಪರ್ ಬಸ್ಸಿನಲ್ಲಿ ವೈಫೈ ಇದೆ ಅನ್ನುವ ಒಂದೇ ಕಾರಣಕ್ಕೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ. ನಾನು ಕೊಡುವುದು ಐದರಲ್ಲಿ ಒಂದು ಸ್ಟಾರ್. ರೈಲ್ವೆ ಸ್ಟೇಷನ್ನಿನ ವೈಫೈಗೆ ಬೇಕಾದರೆ ನಾಲ್ಕು ಕೊಡುತ್ತೇನೆ. ಎರಡಕ್ಕೂ ಹೆಸರು ಒಂದೇ, ಒಳಗಿನ ಕಥೆ ಬೇರೆ. ಗಣಪತಿ ಹಬ್ಬ, ದೀಪಾವಳಿ ಬಂತು ಅಂದರೆ ಡೊಂಬಿವಲಿ, ಥಾಣೆ, ವಾಶಿಯಲ್ಲಿರುವ ನಮ್ಮವರೆಲ್ಲ ಹುಬ್ಬಳ್ಳಿಗೋ ಬೆಳಗಾವಿಗೋ ಕುಂದಾಪುರಕ್ಕೋ ಟಿಕೆಟ್ ಹುಡುಕಲು ಕೂರುತ್ತಾರೆ, ಆಪ್‌ನಲ್ಲಿ ಬಸ್ಸಿನ ಹೆಸರಿನ ಕೆಳಗೆ ಆ ಪುಟ್ಟ ವೈಫೈ ಗುರುತು ಕಂಡ ಕೂಡಲೇ ನೂರೋ ನೂರೈವತ್ತೋ ಹೋದರೆ ಹೋಗಲಿ ಅಂತ ಅದನ್ನೇ ಒತ್ತುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿರುವುದು.

ಬಸ್ ಕಂಪನಿಯ ಹೆಸರು ಬರೆಯುವುದಿಲ್ಲ. ಒಂದು, ಈ ದಾರಿಯಲ್ಲಿ ಓಡುವ ಬೇರೆ ಬಸ್ಸುಗಳಲ್ಲೂ ಹೋಗಿದ್ದೇನೆ, ಹೆಚ್ಚು ಕಡಿಮೆ ಇದೇ ಕತೆ. ಎರಡು, ನಾನು ಮತ್ತೆ ಅದರಲ್ಲೇ ಹೋಗಬೇಕು, ಬೆಳಿಗ್ಗೆ ಸರಿಯಾದ ಹೊತ್ತಿಗೆ ಹುಬ್ಬಳ್ಳಿಗೆ ಇಳಿಸುತ್ತಾನೆ, ಹಾಸಿಗೆ ಬಟ್ಟೆ ತೊಳೆದಿರುತ್ತದೆ, ಡ್ರೈವರ್ ಗಾಡಿಯನ್ನು ಮನುಷ್ಯರ ಹಾಗೆ ಓಡಿಸುತ್ತಾನೆ. ಬಸ್ ಬಗ್ಗೆ ತಕರಾರಿಲ್ಲ. ತಕರಾರು ಬರೀ ಆ ಸ್ಟಿಕ್ಕರ್ ಬಗ್ಗೆ.

ಸ್ಟಿಕ್ಕರ್ ಬಾಗಿಲ ಪಕ್ಕದಲ್ಲೇ ಇದೆ, ದೊಡ್ಡದಾಗಿ, ‘ಫ್ರೀ ಹೈ ಸ್ಪೀಡ್ ವೈಫೈ’ ಅಂತ. ವಾಶಿಯಲ್ಲಿ ಹತ್ತಿ, ಚಪ್ಪಲಿ ಕವರಿಗೆ ಹಾಕಿ, ಬರ್ತಿನಲ್ಲಿ ಒರಗಿಕೊಂಡು ಪಾಸ್‌ವರ್ಡ್ ಕೇಳಿದರೆ ಕ್ಲೀನರ್ ಹುಡುಗ ಡ್ರೈವರ್ ಕ್ಯಾಬಿನ್ನಿನ ಗಾಜಿಗೆ ಅಂಟಿಸಿದ ಚೀಟಿ ತೋರಿಸುತ್ತಾನೆ. ಪಾಸ್‌ವರ್ಡ್ ಬಸ್ಸಿನ ನಂಬರ್ ಪ್ಲೇಟೇ. ಎಷ್ಟೋ ಕಾಲದಿಂದ ಅದೇ ಇದೆ, ಹಿಂದಿನ ಸಲ ಹೋದವರ ಫೋನ್ ತಾನಾಗಿಯೇ ಕನೆಕ್ಟ್ ಆಗುತ್ತದೆ. ಪನವೇಲ್ ದಾಟುವವರೆಗೆ ನಿಜಕ್ಕೂ ಚೆನ್ನಾಗಿರುತ್ತದೆ. ವಾಟ್ಸಾಪ್ ಫೋಟೋ ಹೋಗುತ್ತವೆ, ವಿಡಿಯೋ ಓಡುತ್ತದೆ, ನಮಗೂ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಅಲ್ಲಿಯ ತನಕ ನಮ್ಮ ಫೋನಿನ ನೆಟ್ ಕೂಡ ಫಸ್ಟ್‌ಕ್ಲಾಸ್ ಆಗಿಯೇ ಇರುತ್ತದೆ ಅಲ್ವಾ!

ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ ಸುರಂಗಗಳು ಶುರು. ಭಾತಾಣ, ಮಾಡಪ, ಆಮೇಲೆ ಖಂಡಾಲ ಘಾಟ್, ಕಾಮಶೇತ. ಒಂದೊಂದು ಸುರಂಗದಲ್ಲೂ ವಿಡಿಯೋ ನಿಂತು ಚಕ್ರ ಸುತ್ತುತ್ತದೆ, ಹೊರಗೆ ಬಂದ ಮೇಲೂ ರೌಟರಿಗೆ, ಅಂದರೆ ವೈಫೈ ಹಂಚುವ ಡಬ್ಬಿಗೆ, ಮತ್ತೆ ಟವರ್ ಹಿಡಿಯಲು ಹೊತ್ತು ಬೇಕು, ಅಷ್ಟರಲ್ಲಿ ಮುಂದಿನ ಸುರಂಗ. ಇದನ್ನು ನಾನು ತಪ್ಪು ಅಂತ ಲೆಕ್ಕ ಹಾಕುವುದಿಲ್ಲ, ಬೆಟ್ಟ ಕೊರೆದವರು ನೆಟ್‌ವರ್ಕ್ ಕಂಪನಿಯವರಲ್ಲ. ಅಸಲಿ ಗೋಳು ಪುಣೆಯ ನಂತರದ್ದು. ವಾಕಡ್, ಚಾಂದಣಿ ಚೌಕ, ಕಾತ್ರಜ್ ಅಂತ ಜನ ಹತ್ತುತ್ತಾ ಹೋಗಿ ಬಸ್ ತುಂಬುತ್ತದೆ. 36 ಬರ್ತ್. ಎಲ್ಲರೂ ಊಟದ ಸ್ಟಾಪ್ ಬರುವ ತನಕ ಎಚ್ಚರ, ಎಲ್ಲರ ಕೈಯಲ್ಲೂ ಫೋನ್, ಎಲ್ಲರೂ ಅದೇ ವೈಫೈಗೆ. ಆಗ ನೋಡಬೇಕು ಮಜಾ. ಸಿಗ್ನಲ್ ಗುರುತು ಪೂರ್ತಿ ಇರುತ್ತದೆ, ಕನೆಕ್ಟೆಡ್ ಅಂತಲೂ ತೋರಿಸುತ್ತದೆ, ಒಂದು ‘ಗುಡ್ ನೈಟ್’ ಮೆಸೇಜ್ ಹೋಗುವುದಿಲ್ಲ.

ನನ್ನ ಎದುರಿನ ಕೆಳ ಬರ್ತಿನಲ್ಲಿ ಗದಗ ಕಡೆಯ ಹಿರಿಯರೊಬ್ಬರು ಇದ್ದರು. ಮೊಮ್ಮಗಳಿಗೆ ವಿಡಿಯೋ ಕಾಲ್ ಮಾಡಲು ನೋಡಿ ನೋಡಿ ಸಾಕಾಗಿ ಕ್ಲೀನರನ್ನು ಕರೆದರು.

“ಏನಪಾ ತಮ್ಮಾ, ವೈಫೈ ಅಂತ ಬರದೀರಿ, ಬರವಲ್ದಲ್ಲ?”

“ಹನ್ನೆರಡಕ್ಕ ಬರ್ತದ್ರೀ ಕಾಕಾ.”

“ಯಾಕ, ಅದು ಹಿಂದಿನ ಗಾಡ್ಯಾಗ ಬರಾಕತ್ತದೇನು?”

ಸುತ್ತ ಇದ್ದವರೆಲ್ಲ ನಕ್ಕರು. ಆದರೆ ಹುಡುಗ ಹೇಳಿದ್ದು ಖರೇ. ಬಸ್ ಖಂಬಾಟಕಿ ಘಾಟ್ ಹತ್ತುವ ಹೊತ್ತಿಗೆ ಹನ್ನೆರಡು ದಾಟಿತು, ನೆಟ್ ಬಂತು. ಕಾಕಾ ಅಷ್ಟೊತ್ತಿಗೆ ಗೊರಕೆ ಹೊಡೆಯುತ್ತಿದ್ದರು, ಮೊಮ್ಮಗಳೂ ಮಲಗಿರಬೇಕು.

ಹನ್ನೆರಡರ ಗುಟ್ಟು ಏನು ಅಂದರೆ, ರೌಟರಿನೊಳಗೆ ಇರುವುದು ನಿಮ್ಮ ನನ್ನ ಹತ್ತಿರ ಇರುವಂಥದ್ದೇ ಒಂದು ಪ್ರೀಪೇಡ್ ಸಿಮ್. ದಿನಕ್ಕೆ 2 ಜಿಬಿ ಪ್ಯಾಕ್. ಇದು ನನ್ನ ಊಹೆ ಅಲ್ಲ, ಕ್ಲೀನರ್ ಹುಡುಗನೇ ರೀಚಾರ್ಜ್ ಮಾಡಿಸುವವನು, ಅವನೇ ಹೇಳಿದ್ದು. ಸಂಜೆ ಬೊರಿವಲಿಯಲ್ಲಿ ಹತ್ತಿದವರು ಪುಣೆ ತಲುಪುವಷ್ಟರಲ್ಲಿ ಅದನ್ನು ಕುಡಿದು ಮುಗಿಸಿರುತ್ತಾರೆ. ದಿನದ ಕೋಟಾ ಮುಗಿದರೆ ಇಂಥ ಪ್ಯಾಕ್‌ಗಳಲ್ಲಿ ಸ್ಪೀಡ್ 64 ಕೆಬಿಪಿಎಸ್‌ಗೆ ಬೀಳುತ್ತದೆ. ಒಬ್ಬರೇ ಇದ್ದರೆ ಅದರಲ್ಲಿ ಬರೀ ಅಕ್ಷರದ ಮೆಸೇಜು ಹೇಗೋ ಹೋಗುತ್ತದೆ. 36 ಜನಕ್ಕೆ ಏನೂ ಇಲ್ಲ. ಮಧ್ಯರಾತ್ರಿ ದಿನ ಬದಲಾದಾಗ ಹೊಸ ಕೋಟಾ ಬರುತ್ತದೆ, ಆಗ ಬಸ್ಸಿನವರೆಲ್ಲ ನಿದ್ದೆ. ಹಾಗಾಗಿ ಕೊಲ್ಹಾಪುರ ದಾಟಿ ನಿಪ್ಪಾಣಿ ಹತ್ತಿರ ಬೆಳಗಿನ ಜಾವ ಎಚ್ಚರಾದರೆ ಸ್ಪೀಡ್ ಎಂಥಾ ಚೆಂದ ಅಂತೀರಿ! ಆ ಹೊತ್ತಿನಲ್ಲಿ ನೋಡುವವರು ಯಾರು?

ಲೆಕ್ಕ ಹಾಕಿ ನೋಡಿ. 2 ಜಿಬಿಯನ್ನು 36 ಜನಕ್ಕೆ ಹಂಚಿದರೆ ಒಬ್ಬರಿಗೆ 57 ಎಂಬಿ ಕೂಡ ಬರುವುದಿಲ್ಲ. ಒಂದು ಗಂಟೆ ಸಾಧಾರಣ ಕ್ವಾಲಿಟಿಯ ವಿಡಿಯೋ ನೋಡುವುದಕ್ಕೆ ಇದರ ಐದಾರು ಪಟ್ಟು ಬೇಕು. ನಮ್ಮ ಜೇಬಿನಲ್ಲಿರುವ ಫೋನಿನಲ್ಲೇ ದಿನಕ್ಕೆ ಒಂದೂವರೆಯೋ ಎರಡೋ ಜಿಬಿ ಇರುವಾಗ, 57 ಎಂಬಿಗೋಸ್ಕರ ನೂರು ರೂಪಾಯಿ ಜಾಸ್ತಿ ಕೊಟ್ಟ ಹಾಗಾಯಿತು.

ಸರಿ, ಮಾಲೀಕ ದೊಡ್ಡ ಮನಸ್ಸು ಮಾಡಿ ದೊಡ್ಡ ಪ್ಯಾಕ್ ಹಾಕಿಸಿದ ಅಂತಲೇ ಇಟ್ಟುಕೊಳ್ಳಿ. ಆಗಲೂ ಪೂರ್ತಿ ಸರಿಹೋಗುವುದಿಲ್ಲ. ಬಸ್ಸಿನ ವೈಫೈಗೆ ಎಲ್ಲಿಂದಲೋ ಬೇರೆ ಇಂಟರ್ನೆಟ್ ಬರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ರೋಡಿನ ಪಕ್ಕ ನಿಂತಿರುವ ಯಾವ ಟವರಿನಿಂದ ನಿಮ್ಮ ಫೋನಿಗೆ ನೆಟ್ ಬರುತ್ತದೋ ಅದೇ ಟವರಿನಿಂದಲೇ ಈ ಡಬ್ಬಿಗೂ ಬರುತ್ತದೆ. ಅದು ತಾನು ಹಿಡಿದದ್ದನ್ನು ಎಲ್ಲರಿಗೂ ಹಂಚುತ್ತದೆ, ಅಷ್ಟೇ. ಚಾಳಿನಲ್ಲಿ ಒಂದೇ ನಲ್ಲಿಗೆ 36 ಕೊಡ ಇಟ್ಟ ಹಾಗೆ. ಟವರ್ ಚೆನ್ನಾಗಿರುವ ಜಾಗದಲ್ಲಿ ನಿಮ್ಮ ಸ್ವಂತ ನೆಟ್ಟೇ ಇದಕ್ಕಿಂತ ಜೋರಾಗಿರುತ್ತದೆ. ಟವರ್ ಇಲ್ಲದ ಜಾಗದಲ್ಲಿ ಇದೂ ಇಲ್ಲ ಅದೂ ಇಲ್ಲ. ಹಾಗಾದರೆ ಇದು ಉಪಯೋಗಕ್ಕೆ ಬರುವುದು ಯಾವಾಗ? ನಿಮ್ಮ ಸಿಮ್ ಒಂದು ಕಂಪನಿಯದು, ಬಸ್ಸಿನದು ಇನ್ನೊಂದು ಕಂಪನಿಯದು, ನಿಮ್ಮದು ಸಿಗದ ಜಾಗದಲ್ಲಿ ಅದು ಸಿಗುತ್ತಿದೆ ಅನ್ನುವಾಗ ಮಾತ್ರ. ನಮ್ಮ ಬಸ್ಸಿನಲ್ಲಿ ಒಂದೇ ಸಿಮ್, ಅದೂ ನನ್ನದೇ ಕಂಪನಿಯದು. ನನಗೆ ಎಲ್ಲಿ ಕೈ ಕೊಡುತ್ತದೋ ಅದೇ ಜಾಗದಲ್ಲಿ ಅದೂ ಕೈ ಕೊಡುತ್ತದೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಬಸ್ಸಿನ ಮೈ ಕಬ್ಬಿಣದ್ದು, ಎಸಿ ಬಸ್ಸಿನ ಗಾಜು ಪೂರ್ತಿ ಮುಚ್ಚಿರುತ್ತದೆ, ಒಳಗಿರುವ ಫೋನಿಗೆ ಸಿಗ್ನಲ್ ಸ್ವಲ್ಪ ಕಮ್ಮಿಯೇ ಸಿಗುತ್ತದೆ. ಛಾವಣಿ ಮೇಲೆ ಆಂಟೆನಾ ಕೂರಿಸಿ ವಯರನ್ನು ಒಳಗಿನ ರೌಟರಿಗೆ ತಂದರೆ ಅದು ಫೋನಿಗಿಂತ ಚೆನ್ನಾಗಿ ಹಿಡಿಯುತ್ತದೆ. ಎರಡು ಮೂರು ಕಂಪನಿಯ ಸಿಮ್ ಒಟ್ಟಿಗೆ ಹಾಕಿ ಯಾವುದು ಜೋರಿದೆಯೋ ಅದಕ್ಕೆ ಹೊರಳುವ ರೌಟರುಗಳೂ ಮಾರ್ಕೆಟ್‌ನಲ್ಲಿ ಇವೆ. ವಿಡಿಯೋಗೆ ಕಡಿವಾಣ ಹಾಕಿ ಮೆಸೇಜು, ಮೇಲ್, ಯುಪಿಐಗೆ ಮಾತ್ರ ದಾರಿ ಬಿಡುವ ಸೆಟ್ಟಿಂಗ್ ಕೂಡ ಇರುತ್ತದೆ. ಇಷ್ಟು ಮಾಡಿದರೆ ನಾನೇ ಮೂರು ಸ್ಟಾರ್ ಕೊಡುತ್ತೇನೆ. ಇಲ್ಲಿ ಏನಾಗಿದೆ? ರೌಟರ್ ಇರುವುದು ಡ್ರೈವರ್ ಕ್ಯಾಬಿನ್ನಿನಲ್ಲಿ, ಗಣಪತಿ ಮೂರ್ತಿಯ ಹಿಂದೆ, ಊದಿನಕಡ್ಡಿ ಸ್ಟ್ಯಾಂಡಿಗೆ ಒರಗಿಸಿ ಇಟ್ಟಿದ್ದಾರೆ. ಹೊರಗೆ ಆಂಟೆನಾ ಇಲ್ಲ. ಹಿಂದಿನ ಬರ್ತಿನವರಿಗೆ ವೈಫೈ ಹೆಸರು ಕಂಡರೂ ಹಿಡಿಯುವುದಿಲ್ಲ. ಕ್ಯಾಬಿನ್ನಿನ ಬಾಗಿಲು ಹಾಕಿದರೆ ಇನ್ನೂ ಕಮ್ಮಿ.

ಆಫೀಸಿಗೆ ಫೋನ್ ಮಾಡಿ ಹೇಳಿದೆ. “ಸರ್, ಅದು ಫ್ರೀ ಅಲ್ವಾ, ಫ್ರೀ ಕೊಟ್ಟದ್ದಕ್ಕೂ ಕಂಪ್ಲೇಂಟಾ?” ಅಂದರು. ಬಾಗಿಲಿಗೆ ಅಂಟಿಸಿದ್ದನ್ನು ಕಿತ್ತುಬಿಡಿ ಹಾಗಾದರೆ, ನಾನು ಸುಮ್ನೆ ಇರುತ್ತೇನೆ ಅಂದೆ. ಮೇಲಿನವರಿಗೆ ತಿಳಿಸುತ್ತೇವೆ ಅಂದರು. ಸ್ಟಿಕ್ಕರ್ ಇನ್ನೂ ಇದೆ.

ಬಸ್ಸಿನ ವೈಫೈ ಅನ್ನುವ ಹೆಸರಿನಲ್ಲಿ ಇನ್ನೊಂದು ತರಹದ್ದೂ ಇದೆ, ಅದನ್ನು ಬೇರೆ ಇಡಬೇಕು. ಮಹಾರಾಷ್ಟ್ರದ ಸರಕಾರಿ ಎಸ್‌ಟಿ ಬಸ್ಸುಗಳಲ್ಲಿ ಹಿಂದೆ ಒಂದು ಡಬ್ಬಿ ಕೂರಿಸಿದ್ದು ನೆನಪಿದೆಯಾ? ಅದಕ್ಕೆ ಕನೆಕ್ಟ್ ಮಾಡಿದರೆ ಸಿನಿಮಾ, ಹಾಡು, ಕಾಮಿಡಿ ಬರುತ್ತಿತ್ತು. ಡಬ್ಬಿಯಲ್ಲಿ ಮೊದಲೇ ತುಂಬಿಟ್ಟದ್ದನ್ನು ಬಸ್ಸಿನೊಳಗೇ ಹಂಚುವ ಏರ್ಪಾಡು ಅದು, ಹೊರಗಿನ ಇಂಟರ್ನೆಟ್‌ಗೂ ಅದಕ್ಕೂ ಸಂಬಂಧ ಇಲ್ಲ. ಟವರ್ ಬೇಕಿಲ್ಲ, ಘಾಟಿನಲ್ಲೂ ನಿಲ್ಲುವುದಿಲ್ಲ. ದೂರದ ದಾರಿಗೆ ಇದು ಜಾಣತನದ ಕೆಲಸ ಅಂತಲೇ ನನ್ನ ಅಭಿಪ್ರಾಯ. ಜನ ಮಾತ್ರ ವೈಫೈ ಅಂದ ಕೂಡಲೇ ವಾಟ್ಸಾಪ್ ತೆಗೆದು, ಹೋಗುತ್ತಿಲ್ಲ ಅಂತ ಬೈದರು. ವಂದೇ ಭಾರತ್ ರೈಲಿನಲ್ಲಿ ವೈಫೈ ಅನ್ನುವುದೂ ಬಹುಪಾಲು ಈ ಜಾತಿಯದ್ದೇ, ಒಳಗೇ ಇರುವ ಮನರಂಜನೆ.

ರೈಲಿನ ಮಾತು ಬಂತಲ್ಲ. ನಮ್ಮ ಬಿಲ್ಡಿಂಗಿನ ಶೆಟ್ಟರು ವರ್ಷಕ್ಕೆರಡು ಸಲ ಮತ್ಸ್ಯಗಂಧದಲ್ಲಿ ಊರಿಗೆ ಹೋಗುವವರು. ಬಸ್ ಕಥೆ ಹೇಳಿ, ನಿಮ್ಮ ರೈಲಿನಲ್ಲಿ ಹೇಗೆ ಅಂತ ಕೇಳಿದೆ. “ಎಂಥ ಮಾರಾಯ್ರೇ, ಕೊಂಕಣ ರೈಲಿನಲ್ಲಿ ನೆಟ್ ಹುಡುಕುವುದಾ? ಮಲಗಿ, ಉಡುಪಿ ಬಂದಾಗ ಏಳಿ” ಅಂದರು. ಅವರು ಹೇಳಿದ್ದು ಸರಿ. ಕೊಂಕಣ ರೈಲ್ವೆಯಲ್ಲಿ 90ಕ್ಕೂ ಹೆಚ್ಚು ಸುರಂಗಗಳಿವೆ, ರತ್ನಾಗಿರಿ ಹತ್ತಿರದ ಕರಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್ ಉದ್ದ. ಒಂದರಿಂದ ಹೊರಗೆ ಬಂದು ಫೋನ್ ಟವರ್ ಹುಡುಕುವಷ್ಟರಲ್ಲಿ ರೈಲು ಇನ್ನೊಂದರೊಳಗೆ ಹೋಗಿರುತ್ತದೆ.

ಓಡುವ ರೈಲಿನೊಳಗೆ ಇಂಟರ್ನೆಟ್ ಕೊಡಲು ರೈಲ್ವೆ ಸುಮ್ಮನೆ ಕೂತಿತ್ತು ಅಂತಲ್ಲ. 2013ರ ಸುಮಾರಿಗೆ ಹೌರಾ ರಾಜಧಾನಿಯಲ್ಲಿ ಉಪಗ್ರಹದ ಮೂಲಕ ವೈಫೈ ಕೊಟ್ಟು ನೋಡಿದರು. ರೈಲಿನ ಮೇಲೆ ಆಂಟೆನಾ, ಅಲ್ಲಿಂದ ಉಪಗ್ರಹ, ಅಲ್ಲಿಂದ ಕೆಳಗೆ. ಕೂರಿಸುವ ಖರ್ಚು ಒಂದು ಕಡೆ, ಪ್ರತಿ ತಿಂಗಳ ಬ್ಯಾಂಡ್‌ವಿಡ್ತ್ ಖರ್ಚು ಇನ್ನೊಂದು ಕಡೆ, ಅಷ್ಟೆಲ್ಲ ಸುರಿದರೂ ಪ್ರಯಾಣಿಕರಿಗೆ ಸಾಲುವಷ್ಟು ಸ್ಪೀಡ್ ಇಲ್ಲ. ಕೊನೆಗೆ 2021ರ ಆಗಸ್ಟ್‌ನಲ್ಲಿ ರೈಲ್ವೆ ಮಂತ್ರಿ ಅಶ್ವಿನಿ ವೈಷ್ಣವ್ ಸಂಸತ್ತಿನಲ್ಲಿ ಇದೇ ಕಾರಣಗಳನ್ನು ಕೊಟ್ಟು, ಖರ್ಚಿಗೆ ತಕ್ಕ ಫಲ ಇಲ್ಲದ್ದರಿಂದ ಯೋಜನೆ ಕೈಬಿಟ್ಟಿದ್ದೇವೆ ಅಂತ ಲಿಖಿತ ಉತ್ತರ ಕೊಟ್ಟರು. ನನಗೆ ಅದು ಪ್ರಾಮಾಣಿಕ ಉತ್ತರ ಅನ್ನಿಸಿತು. ಆಗದ್ದನ್ನು ಆಗುವುದಿಲ್ಲ ಅಂದರು, ಬೋಗಿಗೆ ಸ್ಟಿಕ್ಕರ್ ಅಂಟಿಸಲಿಲ್ಲ. ವಿಮಾನದಲ್ಲಿ ಕೊಡುತ್ತಾರಲ್ಲ, ಏರ್ ಇಂಡಿಯಾ 2025ರ ಜನವರಿಯಿಂದ ದೇಶದೊಳಗಿನ ಕೆಲವು ವಿಮಾನಗಳಲ್ಲೂ ಶುರು ಮಾಡಿತಲ್ಲ ಅಂತ ನೀವು ಕೇಳಬಹುದು. ವಿಮಾನಕ್ಕೆ ಮೇಲೆ ಬರೀ ಆಕಾಶ, ಉಪಗ್ರಹ ನೇರ ಕಾಣುತ್ತದೆ. ರೈಲಿಗೆ ಬೆಟ್ಟ, ಸುರಂಗ, ಮರ, ಸೇತುವೆ. ಟಿಕೆಟ್ಟಿನ ದರವನ್ನೂ ಹೋಲಿಸಿ ನೋಡಿ.

ಗೋವಾ ಕಡೆಯ ತೇಜಸ್ ಎಕ್ಸ್‌ಪ್ರೆಸ್ಸನ್ನು 2017ರ ಮೇ ತಿಂಗಳಲ್ಲಿ ಮುಂಬಯಿಯಿಂದ ಕರ್ಮಳಿಗೆ ಬಿಟ್ಟಾಗ ಪ್ರತಿ ಸೀಟಿಗೂ ಸ್ಕ್ರೀನ್ ಇತ್ತು. ಮೊದಲ ಓಟದಲ್ಲೇ ಹೆಡ್‌ಫೋನ್‌ಗಳು ಮಾಯವಾದವು, ಕೆಲವು ಸ್ಕ್ರೀನ್‌ಗಳಿಗೆ ಗೀರು ಬಿತ್ತು ಅಂತ ಪೇಪರಿನಲ್ಲೆಲ್ಲ ಬಂದಿತ್ತು. ನಮ್ಮ ಜನದ ಬಗ್ಗೆ ಬೇರೆಯೇ ರಿವ್ಯೂ ಬರೆಯಬೇಕು ಬಿಡಿ.

ಈಗ ನಾಲ್ಕು ಸ್ಟಾರಿನ ವಿಷಯಕ್ಕೆ ಬರೋಣ. ಮುಂಬಯಿಯಲ್ಲಿ ಸ್ಟೇಷನ್ ವೈಫೈ ಶುರುವಾದದ್ದು 2016ರ ಜನವರಿಯಲ್ಲಿ, ಮುಂಬಯಿ ಸೆಂಟ್ರಲ್‌ನಲ್ಲಿ. ಗೂಗಲ್ ಮತ್ತು ರೈಲ್ವೆಯದೇ ಕಂಪನಿಯಾದ ರೈಲ್‌ಟೆಲ್ ಸೇರಿ ಮಾಡಿದ ಯೋಜನೆಯ ಮೊದಲ ಸ್ಟೇಷನ್ ಅದು. ಜಿಯೋ ಇನ್ನೂ ಬಂದಿರಲಿಲ್ಲ, 1 ಜಿಬಿಗೆ ಇನ್ನೂರು ಇನ್ನೂರೈವತ್ತು ಕೊಡುತ್ತಿದ್ದ ಕಾಲ. ಪ್ಲಾಟ್‌ಫಾರ್ಮಿನಲ್ಲಿ ಕಾಲೇಜು ಹುಡುಗರು ರೈಲಿಗೆ ಕಾಯುವ ಹಾಗೆ ಕೂತು ಸಿನಿಮಾ ಡೌನ್‌ಲೋಡ್ ಮಾಡುತ್ತಿದ್ದರು, ರೈಲುಗಳು ಬಂದು ಹೋಗುತ್ತಿದ್ದವು, ಹುಡುಗರು ಮಾತ್ರ ಏಳುತ್ತಿರಲಿಲ್ಲ. ಸಿನಿಮಾ ಮಾತ್ರವೇ ಅಲ್ಲ, ಎರ್ನಾಕುಲಂ ಸ್ಟೇಷನ್ನಿನ ಒಬ್ಬ ಕೂಲಿ ಅದೇ ವೈಫೈಯಲ್ಲಿ ಪಾಠ ಕೇಳಿಸಿಕೊಳ್ಳುತ್ತಾ ಸಾಮಾನು ಹೊತ್ತು, ಕೇರಳದ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆ ಪಾಸಾದ ಸುದ್ದಿ 2018ರಲ್ಲಿ ದೇಶವೆಲ್ಲ ಓಡಾಡಿತ್ತು. ಅದೇ ವರ್ಷ 400 ಸ್ಟೇಷನ್ ಮುಗಿದವು. 2020ರಲ್ಲಿ, ಮೊಬೈಲ್ ಡೇಟಾ ಅಗ್ಗವಾಗಿದೆ, ಇನ್ನು ನಮ್ಮ ಅಗತ್ಯ ಮೊದಲಿನಷ್ಟಿಲ್ಲ ಅಂತ ಗೂಗಲ್ ಹಿಂದೆ ಸರಿಯಿತು. ಬಹಳ ಜನ ಅಲ್ಲಿಗೆ ಇದು ಮುಗಿಯಿತು ಅಂದುಕೊಂಡರು. ಮುಗಿದಿಲ್ಲ. ರೈಲ್‌ಟೆಲ್ ತಾನೇ ನಡೆಸುತ್ತಿದೆ, 6,000ಕ್ಕೂ ಹೆಚ್ಚು ಸ್ಟೇಷನ್ನುಗಳಲ್ಲಿ, ರೈಲ್‌ವೈರ್ ಅನ್ನುವ ಹೆಸರಿನಲ್ಲಿ.

ಇದು ಯಾಕೆ ಚೆನ್ನಾಗಿ ನಡೆಯುತ್ತದೆ ಅಂದರೆ ಸ್ಟೇಷನ್ ಓಡುವುದಿಲ್ಲ, ನಿಂತಲ್ಲೇ ನಿಂತಿರುತ್ತದೆ. ಹಳಿಯ ಪಕ್ಕದಲ್ಲೇ ರೈಲ್‌ಟೆಲ್ಲಿನ ಫೈಬರ್ ಕೇಬಲ್ ಹೋಗುತ್ತದೆ, ದೇಶದಲ್ಲಿ 60,000 ಕಿಲೋಮೀಟರಿಗೂ ಹೆಚ್ಚು. ಆ ಕೇಬಲ್ಲನ್ನು ಸ್ಟೇಷನ್ನಿಗೆ ಎಳೆದು ವೈಫೈ ಮಾಡಿದ್ದಾರೆ. ಟವರಿನ ಹಂಗಿಲ್ಲ. ಹಬ್ಬದ ದಿನ ಕಲ್ಯಾಣ್‌ನಲ್ಲಿ ಸಾವಿರಾರು ಜನ ಒಟ್ಟಿಗೆ ಫೋನ್ ಹಿಡಿದು ನಿಂತಾಗ ಮೊಬೈಲ್ ನೆಟ್ ತೆವಳುತ್ತದೆ, ಆಗ ಈ ವೈಫೈ ಹಿಡಿದು ಪಿಎನ್‌ಆರ್ ನೋಡಿದ್ದೇನೆ, ಟಿಕೆಟ್ ಪಿಡಿಎಫ್ ತೆಗೆದಿದ್ದೇನೆ. ದಿನಕ್ಕೆ ಮೊದಲ 30 ನಿಮಿಷ ಫ್ರೀ, 1 ಎಂಬಿಪಿಎಸ್ ಸ್ಪೀಡು. ಅದು ಸಾಲದವರಿಗೆ 2021ರಲ್ಲಿ ಪ್ಯಾಕ್‌ಗಳನ್ನು ತಂದರು: 10 ರೂಪಾಯಿಗೆ ಒಂದು ದಿನ, 5 ಜಿಬಿ, 70 ರೂಪಾಯಿಗೆ 30 ದಿನ, 60 ಜಿಬಿ, ಜಿಎಸ್‌ಟಿ ಬೇರೆ. ಸ್ಪೀಡು 34 ಎಂಬಿಪಿಎಸ್ ತನಕ. ಬಸ್ಸಿನ ವೈಫೈಗೆ ಕೊಡುವ ನೂರು ರೂಪಾಯಿಯ ಪಕ್ಕದಲ್ಲಿ ಈ 10 ರೂಪಾಯಿ ಇಟ್ಟು ನೋಡಿ. ಸಂಜೆ ಥಾಣೆಯಲ್ಲೋ ದಾದರ್‌ನಲ್ಲೋ ಊರಿನ ರೈಲಿಗೆ ಕಾಯುವಾಗ ಇದನ್ನು ಹಾಕಿಸಿ ರಾತ್ರಿಗೆ ಬೇಕಾದ ಸಿನಿಮಾ, ಯಕ್ಷಗಾನ, ಹರಟೆ ಎಲ್ಲ ಇಳಿಸಿಕೊಂಡರೆ ದಾರಿಯಲ್ಲಿ ಯಾವ ಟವರಿಗೂ ಕೈ ಒಡ್ಡಬೇಕಿಲ್ಲ.

ಒಂದು ಸ್ಟಾರ್ ಕಡಿದದ್ದು ಲಾಗಿನ್‌ಗೆ. ಪ್ರತಿ ಸಲ ಬ್ರೌಸರ್ ತೆರೆದು, ನಂಬರ್ ಹಾಕಿ, ಓಟಿಪಿ ಹಾಕಬೇಕು. ಇದು ರೈಲ್ವೆಯವರ ಹಟ ಅಲ್ಲ, ಪಬ್ಲಿಕ್ ವೈಫೈ ಬಳಸುವವರು ಯಾರು ಅಂತ ಗೊತ್ತಿರಬೇಕು ಅನ್ನುವುದು 2009ರಿಂದ ಇರುವ ಸರಕಾರದ ನಿಯಮ. ನಿಯಮ ಸರಿ, ಆದರೆ ವಿಚಿತ್ರ ನೋಡಿ: ನೆಟ್‌ವರ್ಕ್ ಸಿಗುತ್ತಿಲ್ಲ ಅಂತ ತಾನೇ ನಾವು ವೈಫೈ ಹುಡುಕುವುದು, ವೈಫೈ ಒಳಗೆ ಹೋಗಲು ಓಟಿಪಿ ಬೇಕು, ಓಟಿಪಿ ಬರಲು ನೆಟ್‌ವರ್ಕ್ ಬೇಕು. ಊರಿನಿಂದ ಬಂದ ನಮ್ಮ ಅತ್ತೆಯವರು ಓಟಿಪಿ ಕಾಯುತ್ತಾ ಕೂತರು, ರೈಲು ಬಂದ ಮೇಲೆ ಓಟಿಪಿ ಬಂತು. ಒಂದು ಸಲ ಪಕ್ಕದ ಚಹಾ ಅಂಗಡಿಯವನೇ ತನ್ನ ಹಾಟ್‌ಸ್ಪಾಟ್ ಆನ್ ಮಾಡಿ “ಘ್ಯಾ ಮಾವಶಿ” (ತಗೊಳ್ಳಿ ಚಿಕ್ಕಮ್ಮ) ಅಂದ. ಆ ಹಾಟ್‌ಸ್ಪಾಟಿಗೆ ಐದಕ್ಕೆ ಐದು. ಚಹಾ ಮಾತ್ರ ನೀರು.

ಹುಷಾರಿನ ಮಾತು ಒಂದೇ. ಸ್ಟೇಷನ್ನಿನಲ್ಲಿ ಸಿಕ್ಕ ಸಿಕ್ಕ ‘ಫ್ರೀ ವೈಫೈ’ ಹೆಸರಿಗೆಲ್ಲ ಸೇರಬೇಡಿ, ಬೋರ್ಡಿನಲ್ಲಿ ಬರೆದ ಹೆಸರೇ ಇದೆಯಾ ನೋಡಿ. ಓಟಿಪಿ ಬಿಟ್ಟು ಬೇರೆ ಏನಾದರೂ ಕೇಳಿದರೆ, ಕಾರ್ಡ್ ನಂಬರ್, ಆಧಾರ್ ಅಂತೆಲ್ಲ, ಅಲ್ಲೇ ಮುಚ್ಚಿಬಿಡಿ.

ಕೊನೆಯದು ಮುಂಬಯಿಯ ಮೆಟ್ರೋ 3, ಆರೆಯಿಂದ ಕಫ್ ಪರೇಡ್‌ವರೆಗಿನ ಅಕ್ವಾ ಲೈನ್. 33.5 ಕಿಲೋಮೀಟರ್, 27 ಸ್ಟೇಷನ್, ಆರೆ ಒಂದನ್ನು ಬಿಟ್ಟು ಉಳಿದದ್ದೆಲ್ಲ ನೆಲದ ಕೆಳಗೆ. 2024ರ ಅಕ್ಟೋಬರಿನಲ್ಲಿ ಬಿಕೆಸಿ (ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್) ತನಕ, 2025ರ ಅಕ್ಟೋಬರಿನಲ್ಲಿ ಪೂರ್ತಿ ತೆರೆಯಿತು. ನೆಲದ ಕೆಳಗೆ ಮೇಲಿನ ಟವರಿನ ಸಿಗ್ನಲ್ ಇಳಿಯುವುದಿಲ್ಲ. ಸ್ಟೇಷನ್ನಿನೊಳಗೆ ಪುಟ್ಟ ಆಂಟೆನಾಗಳು, ಸುರಂಗದ ಗೋಡೆಗುಂಟ ಸಿಗ್ನಲ್ ಸೋರುವಂಥ ವಿಶೇಷ ಕೇಬಲ್, ಇಷ್ಟನ್ನು ಬೇರೆಯಾಗಿ ಹಾಕಲೇಬೇಕು. ಅದನ್ನು ಯಾರು ಹಾಕುವುದು, ಮೊಬೈಲ್ ಕಂಪನಿಗಳು ಅದಕ್ಕೆ ಎಷ್ಟು ಬಾಡಿಗೆ ಕೊಡುವುದು ಅನ್ನುವುದರಲ್ಲಿ ಮೆಟ್ರೋ ನಿಗಮಕ್ಕೂ ಕಂಪನಿಗಳಿಗೂ ಎಳೆದಾಟ ನಡೆಯಿತು, ಪೇಪರ್ ಓದುವವರಿಗೆಲ್ಲ ಗೊತ್ತಿರುವ ವಿಚಾರ. ಯುಪಿಐ ನಂಬಿಕೊಂಡು ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಳ್ಳುವುದನ್ನೇ ಮರೆತ ಊರಿನಲ್ಲಿ ನೆಟ್ ಇಲ್ಲದ ಟಿಕೆಟ್ ಕೌಂಟರ್ ಅಂದರೆ ಊಹಿಸಿಕೊಳ್ಳಿ.

ಅದಕ್ಕೆ ಮೆಟ್ರೋದವರು ಮಾಡಿದ ದಾರಿ ನನಗೆ ಹಿಡಿಸಿತು. ಟಿಕೆಟ್ ತೆಗೆಯುವ ಮಹಡಿಯಲ್ಲಿ, ಅಂದರೆ ಕಾನ್‌ಕೋರ್ಸ್‌ನಲ್ಲಿ, ಫ್ರೀ ವೈಫೈ ಕೊಟ್ಟರು, ಮೆಟ್ರೋಕನೆಕ್ಟ್3 ಆಪ್‌ನಲ್ಲಿ ಟಿಕೆಟ್ ತೆಗೆಯಲು ಅನುಕೂಲ ಆಗಲಿ ಅಂತ. ಎಲ್ಲಿ ಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟು. ರೈಲಿನೊಳಗೆ ಸೀರಿಯಲ್ ನೋಡಿ ಅಂತ ಯಾರೂ ಹೇಳಿಕೊಳ್ಳಲಿಲ್ಲ. ಇಲ್ಲಿ ನನ್ನ ಸಲಹೆ ಇಷ್ಟೇ: ಎಸ್ಕಲೇಟರ್ ಇಳಿದು ಪ್ಲಾಟ್‌ಫಾರ್ಮಿಗೆ ಹೋಗುವ ಮುಂಚೆ ಟಿಕೆಟ್, ಕ್ಯೂಆರ್, ‘ಹೊರಟೆ’ ಅನ್ನುವ ಮೆಸೇಜ್ ಎಲ್ಲ ಮೇಲೆಯೇ ಮುಗಿಸಿಕೊಳ್ಳಿ. ಕ್ಯೂಆರ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುವುದೂ ಒಳ್ಳೆಯದು. ವಾಪಸ್ ಬರುವ ಟಿಕೆಟ್ಟನ್ನೂ ಆಗಲೇ ತೆಗೆದುಬಿಟ್ಟರೆ ಇನ್ನೂ ಒಳ್ಳೆಯದು. ಮೂರೂವರೆ ಸ್ಟಾರ್.

ಬಸ್ಸಿಗೆ ವಾಪಸ್ ಬರೋಣ, ಟಿಕೆಟ್ ತೆಗೆಯುವವರು ಏನು ನೋಡಬೇಕು ಅಂತ ಕೇಳಿದವರಿಗೆ. ವೈಫೈ ಗುರುತನ್ನು ಮರೆತುಬಿಡಿ. ಬರ್ತಿನಲ್ಲಿ ಚಾರ್ಜಿಂಗ್ ಪಾಯಿಂಟ್ ನಡೆಯುತ್ತದಾ ಅಂತ ಫೋನ್ ಮಾಡಿ ಕೇಳಿ, ಅದು ವೈಫೈಗಿಂತ ನೂರು ಪಾಲು ಮುಖ್ಯ. ಟವರ್ ಹುಡುಕಿ ಹುಡುಕಿ ಫೋನಿನ ಬ್ಯಾಟರಿ ಘಾಟಿನಲ್ಲೇ ಅರ್ಧ ಖಾಲಿಯಾಗುತ್ತದೆ, ಬೆಳಿಗ್ಗೆ ಧಾರವಾಡ ಬೈಪಾಸಿನಲ್ಲಿ ಇಳಿದು ಕರೆದುಕೊಂಡು ಹೋಗಲು ಬನ್ನಿ ಅಂತ ಮನೆಗೆ ಫೋನ್ ಮಾಡಲು ಜೀವ ಉಳಿದಿರಬೇಕು. ಎಷ್ಟೋ ಬಸ್ಸುಗಳಲ್ಲಿ ಸಾಕೆಟ್ ಇರುತ್ತದೆ, ಪಿನ್ ಹಾಕಿದರೆ ಜಾರಿ ಬೀಳುತ್ತದೆ. ಮಧ್ಯದ ಕೆಳ ಬರ್ತುಗಳದು ಸಾಮಾನ್ಯವಾಗಿ ಸರಿ ಇರುತ್ತದೆ, ಕೊನೆಯ ಸಾಲಿನದು ಅಲ್ಲಾಡಿ ಅಲ್ಲಾಡಿ ಸಡಿಲ ಆಗಿರುತ್ತದೆ. ಪವರ್ ಬ್ಯಾಂಕ್ ಇದ್ದವರಿಗೆ ಈ ಚಿಂತೆಯೂ ಇಲ್ಲ. ಕಾಲ್ ಮಾಡಲೇಬೇಕಾದವರು, ರಾತ್ರಿ ಆಫೀಸ್ ಕೆಲಸ ಇರುವವರು, ಎರಡನೇ ಸಿಮ್ ಬೇರೆ ಕಂಪನಿಯದು ಇಟ್ಟುಕೊಳ್ಳಿ. ಚಿಕ್ಕ ಪ್ಯಾಕ್ ಹಾಕಿಸಿದರೂ ಸಾಕು, ಬಸ್ಸಿನವರು ವೈಫೈಗೆ ಜಾಸ್ತಿ ಕೇಳುವ ದುಡ್ಡಿನಲ್ಲೇ ಅದು ಆಗುತ್ತದೆ, ಕೋಟಾ ಪೂರ್ತಿ ನಿಮ್ಮೊಬ್ಬರದೇ.

ಮತ್ತೆ, ಪುಣೆ–ಬೆಳಗಾವಿ ಅಥವಾ ಮುಂಬಯಿ–ಹುಬ್ಬಳ್ಳಿ ದಾರಿಯಲ್ಲಿ ಛಾವಣಿ ಮೇಲೆ ಆಂಟೆನಾ ಹಾಕಿ, ಎರಡು ಕಂಪನಿಯ ಸಿಮ್ ಹಾಕಿದ ಬಸ್ ಯಾರಿಗಾದರೂ ಸಿಕ್ಕಿದ್ದರೆ ದಯವಿಟ್ಟು ಕೆಳಗೆ ತಿಳಿಸಿ. ರಾತ್ರಿ ಹತ್ತು ಗಂಟೆಗೆ ಶಿರವಳದ ಹತ್ತಿರ ಅದರಲ್ಲಿ ಒಂದು ವಿಡಿಯೋ ಕಾಲ್ ನಿಲ್ಲದೆ ನಡೆಯಿತಾ ಅನ್ನುವುದನ್ನೂ ಬರೆಯಿರಿ. ನಡೆದಿದ್ದರೆ ನೂರಲ್ಲ, ಇನ್ನೂರು ಜಾಸ್ತಿ ಕೊಟ್ಟು ಅದರಲ್ಲೇ ಹೋಗುತ್ತೇನೆ.